ದೊಡ್ಡ ವಹಿವಾಟು ಕಂಡಿತು, ಸರಿ, ಅದು ಯಾರದು?

(ಕ್ರಿಪ್ಟೋ ನಾಣ್ಯಗಳ ದೊಡ್ಡ ವಹಿವಾಟುಗಳ ಜಾಡು ಹಿಡಿಯುವುದರ ಬಗ್ಗೆ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

2021ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಟ್‌ಕಾಯಿನ್ ಹಗರಣದ ಗದ್ದಲ ಜೋರಾಗಿದ್ದಾಗ ನಮ್ಮ ರಾಜಕೀಯ ಸುದ್ದಿಗೋಷ್ಠಿಗಳಿಗೆ ಒಂದು ಹೊಸ ಹೆಸರು ಬಂತು: ವೇಲ್ ಅಲರ್ಟ್. ಬ್ಲಾಕ್‌ಚೈನ್‌ಗಳಲ್ಲಿ, ಎಂದರೆ ಕ್ರಿಪ್ಟೋ ವಹಿವಾಟು ಬ್ಲಾಕ್ ಬ್ಲಾಕಾಗಿ ದಾಖಲಾಗುವ ಸಾರ್ವಜನಿಕ ಲೆಕ್ಕದ ಪುಸ್ತಕಗಳಲ್ಲಿ, ನಡೆಯುವ ಭಾರಿ ವಹಿವಾಟುಗಳನ್ನು ಕಾದು ನೋಡಿ, ಕಂಡ ಕೂಡಲೇ ಟ್ವೀಟ್ ಮಾಡುವ ಸೇವೆ ಅದು. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ (ಕ್ರಿಪ್ಟೋ ನಾಣ್ಯ ಕೊಳ್ಳುವ, ಮಾರುವ ತಾಣ) ಕಳುವಾಗಿದ್ದ ನಾಣ್ಯಗಳಲ್ಲಿ 14,682 ಬಿಟ್‌ಕಾಯಿನ್‌ಗಳು 2020ರ ಡಿಸೆಂಬರ್ 1 ಮತ್ತು 2021ರ ಏಪ್ರಿಲ್ 14ರಂದು ಚೈನ್ ಮೇಲಿನ ಬೇರೆ ವಿಳಾಸಗಳಿಗೆ (ನಾಣ್ಯ ಪಡೆಯುವ ಅಕ್ಷರ, ಅಂಕಿಗಳ ಸಾಲು) ಹೋಗಿವೆ, ಬೆಲೆ 5,240 ಕೋಟಿ ರೂಪಾಯಿ, ಆ ಎರಡೂ ದಿನ ಬೆಂಗಳೂರಿನ ಹಗರಣದ ಹ್ಯಾಕಿಂಗ್ ಆರೋಪಿ ಬಂಧನದಲ್ಲಿದ್ದ, ಹಾಗಾದರೆ ಸಾಗಿಸಿದ್ದು ಯಾರು ಎಂದು ಕಾಂಗ್ರೆಸ್ ಕೇಳಿತು. ಪೊಲೀಸರು ಆರೋಪ ತಳ್ಳಿಹಾಕಿದರು. ವಾರಗಟ್ಟಲೆ ಚರ್ಚೆ ನಡೆಯಿತು.

ಆ ಟ್ವೀಟುಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವು ಹೇಳಿದ್ದು ಇಷ್ಟೇ: ಬಿಟ್‌ಫಿನೆಕ್ಸ್ ಕಳವಿನ ಹಣ, ಇಷ್ಟು ನಾಣ್ಯ, ಅಜ್ಞಾತ ವಾಲೆಟ್‌ಗೆ (ನಾಣ್ಯದ ಕೈಚೀಲಕ್ಕೆ). ‘ಅಜ್ಞಾತ’ ಎಂದರೆ ಆ ಸೇವೆಯ ಪಟ್ಟಿಯಲ್ಲಿ ಆ ವಿಳಾಸಕ್ಕೆ ಲೇಬಲ್ ಇಲ್ಲ ಎಂದಷ್ಟೇ ಅರ್ಥ. ಅದು ಬೆಂಗಳೂರಿನವರದೋ, ಬೇರೆ ಊರಿನವರದೋ, ಕಳ್ಳನೇ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡದ್ದೋ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಮುಂದೇನಾಯಿತು ನೋಡಿ. 2022ರ ಫೆಬ್ರವರಿ 1ರಂದು ಅದೇ ಕಳವಿನ 94,000ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳು ಒಂದೇ ಹೊಸ ವಿಳಾಸಕ್ಕೆ ಬಂದು ಸೇರಿದವು. ಎಚ್ಚರಿಕೆ ಖಾತೆಗಳೆಲ್ಲ ಕೂಗಿದವು. ಹ್ಯಾಕರ್ ಎದ್ದ, ಇನ್ನು ಮಾರುತ್ತಾನೆ ಎಂದು ಬಹಳ ಜನ ಬರೆದರು. ಫೆಬ್ರವರಿ 8ಕ್ಕೆ ಅಮೆರಿಕದ ನ್ಯಾಯ ಇಲಾಖೆ ನ್ಯೂಯಾರ್ಕ್‌ನ ದಂಪತಿಯ ಬಂಧನವನ್ನು ಪ್ರಕಟಿಸಿತು. ನಾಣ್ಯ ಸರಿಸಿದ್ದು ತನಿಖಾಧಿಕಾರಿಗಳೇ. ಕ್ಲೌಡ್ ಖಾತೆಯಲ್ಲಿದ್ದ ಗೂಢಲಿಪಿಯ ಕಡತ ಒಡೆದು, ಅದರೊಳಗಿನ ಖಾಸಗಿ ಕೀಲಿಗಳಿಂದ (ನಾಣ್ಯ ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆಗಳು) ಹಣವನ್ನು ವಶಪಡಿಸಿಕೊಂಡಿದ್ದರು. 2023ರ ಆಗಸ್ಟ್‌ನಲ್ಲಿ ಆ ಗಂಡ ನ್ಯಾಯಾಲಯದಲ್ಲಿ ಹ್ಯಾಕ್ ಮಾಡಿದ್ದು ತಾನೇ ಎಂದು ಒಪ್ಪಿಕೊಂಡ. ಮಾರಾಟದ ಮುನ್ಸೂಚನೆ ಎಂದು ಸಾವಿರಾರು ಜನ ಓದಿದ್ದು ವಾಸ್ತವದಲ್ಲಿ ಜಪ್ತಿ.

ಚೈನ್ ಹೇಳುವುದು ಮೂರೇ ಸಂಗತಿ: ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಎಷ್ಟು, ಸುಮಾರಾಗಿ ಯಾವಾಗ. ‘ಯಾರು’, ‘ಏಕೆ’ ಎಂಬುವು ಹೊರಗಿನಿಂದ ಬರಬೇಕು. ಹಾಗೆ ಹೊರಗಿನಿಂದ ಬಂದದ್ದನ್ನೇ ಲೇಬಲ್ ಎನ್ನುತ್ತೇವೆ. ದೊಡ್ಡ ವಹಿವಾಟನ್ನು ಹುಡುಕುವುದು ಕಂಪ್ಯೂಟರಿಗೆ ಸುಲಭ. ಪೈಥಾನ್ ಭಾಷೆಯ ಐವತ್ತು ಸಾಲಿನ ಪ್ರೋಗ್ರಾಂ ಸಾಕು. ಸಮುದಾಯ ಬೇಕಾಗುವುದು ಲೇಬಲ್ಲಿಗೆ.

ಚಿಲ್ಲರೆಯ ಲೆಕ್ಕ

ಬಿಟ್‌ಕಾಯಿನ್‌ನಲ್ಲಿ ಖಾತೆ, ಬಾಕಿ ಎಂಬುದಿಲ್ಲ. ಇನ್ನೂ ಖರ್ಚಾಗದ ತುಣುಕುಗಳಿರುತ್ತವೆ, ಅಷ್ಟೇ. ಒಂದು ತುಣುಕನ್ನು ಖರ್ಚು ಮಾಡಿದರೆ ಇಡಿಯಾಗಿಯೇ ಖರ್ಚು ಮಾಡಬೇಕು. 500ರ ನೋಟು ಕೊಟ್ಟು 30 ರೂಪಾಯಿಯ ಸೊಪ್ಪು ಕೊಂಡರೆ 470 ವಾಪಸ್ ಬರುವ ಹಾಗೆ, ಇಲ್ಲೂ ಚಿಲ್ಲರೆ ಬರುತ್ತದೆ. ಆದರೆ ಆ ಚಿಲ್ಲರೆ ಬಹುಪಾಲು ಹೊಸ ವಿಳಾಸಕ್ಕೆ ಬರುತ್ತದೆ.

800 ಬಿಟ್‌ಕಾಯಿನ್‌ನ ಒಂದು ತುಣುಕಿದೆ, ಅದರಲ್ಲಿ 30 ಯಾರಿಗೋ ಕೊಟ್ಟರು ಎನ್ನಿ. ವಹಿವಾಟಿನಲ್ಲಿ ಎರಡು ಔಟ್‌ಪುಟ್ (ಹೊರಬರುವ ಹೊಸ ತುಣುಕು): 30 ಒಂದು ಕಡೆ, ಶುಲ್ಕ ಕಳೆದು 769.9998 ಇನ್ನೊಂದು ಕಡೆ. ಒರಟು ಸ್ಕ್ರಿಪ್ಟ್ ಬರೆದವನ ಪರದೆಯ ಮೇಲೆ ಮೂಡುವುದು ‘800 ಬಿಟ್‌ಕಾಯಿನ್ ಸಾಗಣೆ’. ನಾಳೆ ಆ ಚಿಲ್ಲರೆಯಿಂದ ಮತ್ತೆ 25 ಕೊಟ್ಟರೆ ‘770 ಬಿಟ್‌ಕಾಯಿನ್ ಸಾಗಣೆ’. ಹೀಗೆ ಸಿಪ್ಪೆ ಸುಲಿದಂತೆ ಹೋಗುವ ಸರಣಿಗೆ ಪೀಲ್ ಚೈನ್ ಎನ್ನುತ್ತಾರೆ. ಇಪ್ಪತ್ತು ಹೆಜ್ಜೆಯಲ್ಲಿ ನಿಜಕ್ಕೂ ಕೈ ಬದಲಾದದ್ದು ಐದಾರುನೂರು ನಾಣ್ಯ ಇರಬಹುದು. ಎಚ್ಚರಿಕೆಗಳನ್ನು ಕೂಡಿಸಿದವರ ಲೆಕ್ಕದಲ್ಲಿ ಅದು ಹತ್ತು ಸಾವಿರಕ್ಕೆ ಹತ್ತಿರವಾಗುತ್ತದೆ. ‘ಇಂದು ಇಷ್ಟು ಸಾವಿರ ಕೋಟಿ ಓಡಾಡಿತು’ ಎಂಬ ಗ್ರಾಫ್‌ಗಳಲ್ಲಿ ಅರ್ಧಕ್ಕರ್ಧ ಈ ಚಿಲ್ಲರೆಯ ಗಾಳಿಯೇ ಎಂಬ ಗುಮಾನಿ ನಮಗಿದೆ.

ಎರಡು ಔಟ್‌ಪುಟ್‌ಗಳಲ್ಲಿ ಚಿಲ್ಲರೆ ಯಾವುದು? ಮೊದಲು ವಿಳಾಸದ ಜಾತಿ ನೋಡಿ. ಇನ್‌ಪುಟ್ (ಖರ್ಚಾಗುವ ತುಣುಕು) ವಿಳಾಸಗಳೆಲ್ಲ ‘ಬಿಸಿ1ಕ್ಯೂ’ ಎಂದು ಶುರುವಾಗಿ, ಔಟ್‌ಪುಟ್‌ನಲ್ಲಿ ಒಂದು ‘ಬಿಸಿ1ಕ್ಯೂ’, ಇನ್ನೊಂದು ‘3’ರಿಂದ ಶುರುವಾದರೆ ಚಿಲ್ಲರೆ ಮೊದಲನೆಯದು ಇರುವ ಸಂಭವ ಹೆಚ್ಚು, ಏಕೆಂದರೆ ವಾಲೆಟ್‌ಗಳು ಸಾಮಾನ್ಯವಾಗಿ ತಮ್ಮದೇ ಜಾತಿಯ ಚಿಲ್ಲರೆ ವಿಳಾಸ ತಯಾರಿಸುತ್ತವೆ. ಮೊತ್ತ ದುಂಡಗಿದ್ದರೆ ಅದು ಪಾವತಿ, ಎಂಟು ದಶಮಾಂಶದ ತನಕ ಎಳೆದಿದ್ದರೆ ಚಿಲ್ಲರೆ. ವಿಳಾಸ ಹಿಂದೆ ಬಳಕೆಯಾಗಿದ್ದರೆ ಅದು ಚಿಲ್ಲರೆಯಾಗಿರುವುದು ಕಡಿಮೆ. ಒಂದೇ ಸುಳಿವು ನಂಬಬೇಡಿ. ಎರಡು ಕೂಡಿ ಬಂದರೆ ಬರೆದುಕೊಳ್ಳಿ, ಪಕ್ಕದಲ್ಲಿ ‘ಅಂದಾಜು’ ಎಂದೂ ಬರೆಯಿರಿ.

ಒಂದೇ ವಹಿವಾಟಿನಲ್ಲಿ ಹಲವು ಇನ್‌ಪುಟ್ ಇದ್ದರೆ ಅವೆಲ್ಲ ಒಬ್ಬರವೇ ಎಂಬುದು ಜಾಡು ಹಿಡಿಯುವವರ ಅತಿ ಹಳೆಯ ಸೂತ್ರ. ಬಿಟ್‌ಕಾಯಿನ್‌ನ ಮೂಲ ಪ್ರಬಂಧವೇ ಈ ಸೋರಿಕೆಯನ್ನು ಒಪ್ಪಿಕೊಂಡಿದೆ. ಸೂತ್ರ ಮುರಿಯುವುದು ಕಾಯಿನ್‌ಜಾಯಿನ್‌ನಲ್ಲಿ: ಹತ್ತಾರು ಜನ ಒಟ್ಟುಗೂಡಿ ಒಂದೇ ವಹಿವಾಟು ಮಾಡುತ್ತಾರೆ, ಸರಿಸಮನಾದ ಮೊತ್ತದ ಔಟ್‌ಪುಟ್‌ಗಳು ಸಾಲಾಗಿ ಕಾಣುತ್ತವೆ. ಅಂಥದ್ದೊಂದನ್ನು ಗುರುತಿಸದೆ ಗುಂಪಿಗೆ ಸೇರಿಸಿದರೆ, ಪರಸ್ಪರ ಸಂಬಂಧವೇ ಇಲ್ಲದ ಎಷ್ಟೋ ಜನರ ವಿಳಾಸಗಳು ಒಬ್ಬನ ಹೆಸರಿಗೆ ಬೀಳುತ್ತವೆ. ಆಮೇಲೆ ಬಿಡಿಸುವುದು ಬಹಳ ಕಷ್ಟ. ಹಾಗಾಗಿ ಮೂರಕ್ಕಿಂತ ಹೆಚ್ಚು ಸಮ ಮೊತ್ತದ ಔಟ್‌ಪುಟ್ ಇರುವ ವಹಿವಾಟುಗಳನ್ನು ಗುಂಪುಗೂಡಿಸುವ ಮೊದಲೇ ಬದಿಗಿಡಿ.

ಎಕ್ಸ್‌ಚೇಂಜ್ ಬಾಗಿಲಲ್ಲಿ ನಿಲ್ಲಿ

ಗ್ರಾಹಕ ಹಣ ಹಾಕುವ ಡೆಪಾಸಿಟ್ ವಿಳಾಸ, ಅಲ್ಲಿಂದ ಗುಡಿಸಿ ಸೇರಿಸುವ ಹಾಟ್ ವಾಲೆಟ್, ದೊಡ್ಡ ಮೊತ್ತ ಇಡುವ ಕೋಲ್ಡ್ ವಾಲೆಟ್: ಎಕ್ಸ್‌ಚೇಂಜ್ ಒಳಗೆ ಈ ಮೂರು ಪದರ. ಡೆಪಾಸಿಟ್ ವಿಳಾಸವನ್ನು ಹೀಗೆ ಗುರುತಿಸಿ: ಹಣ ಎಲ್ಲಿಂದಾದರೂ ಬರುತ್ತದೆ, ಆದರೆ ಹೋಗುವಾಗ ಪ್ರತಿ ಬಾರಿಯೂ ಪೂರ್ತಿಯಾಗಿ ಅದೇ ಒಂದೆರಡು ವಿಳಾಸಕ್ಕೇ ಹೋಗುತ್ತದೆ. ಇಥೀರಿಯಂ ಎಂಬ ಇನ್ನೊಂದು ಚೈನ್‌ನಲ್ಲಿ ಇನ್ನೂ ಸುಲಭ. ಟೋಕನ್ (ಆ ಚೈನ್ ಮೇಲೆ ಬೇರೆಯವರು ಹೊರಡಿಸಿದ ನಾಣ್ಯ) ಬಂದ ಮೇಲೆ ಗ್ಯಾಸ್‌ಗೆಂದು, ಎಂದರೆ ವಹಿವಾಟಿನ ಶುಲ್ಕಕ್ಕೆಂದು, ಒಂದಿಷ್ಟು ಈಥರ್ (ಇಥೀರಿಯಂನ ಸ್ವಂತ ನಾಣ್ಯ) ಎಕ್ಸ್‌ಚೇಂಜ್‌ನಿಂದ ಬರುತ್ತದೆ, ಅದರ ಬೆನ್ನಿಗೇ ಟೋಕನ್ ಹೊರಡುತ್ತದೆ.

ಹಾಟ್ ವಾಲೆಟ್ ಮುಟ್ಟಿದ ಮೇಲೆ ಜಾಡು ಮುಗಿಯಿತು. ಅಲ್ಲಿ ಎಲ್ಲರ ಹಣ ಬೆರೆಯುತ್ತದೆ. ಮುಂದಿನ ನಿಮಿಷ ಹೊರಗೆ ಹೋದ ಹಣ ಬೇರೆ ಗ್ರಾಹಕನ ವಿತ್‌ಡ್ರಾ. ಹೊಸಬರು ಉತ್ಸಾಹದಲ್ಲಿ ಹಾಟ್ ವಾಲೆಟ್ ದಾಟಿ ಇನ್ನೂ ಏಳೆಂಟು ಹೆಜ್ಜೆ ಹೋಗಿ, ಸಂಬಂಧವಿಲ್ಲದವನನ್ನು ಕಳ್ಳ ಮಾಡಿ ಬರುತ್ತಾರೆ. ಅಲ್ಲಿಂದ ಮುಂದಕ್ಕೆ ಎಕ್ಸ್‌ಚೇಂಜ್‌ನ ಒಳ ದಾಖಲೆ ಬೇಕು, ಅದು ಸಿಗುವುದು ತನಿಖಾ ಸಂಸ್ಥೆಗೆ ಮಾತ್ರ.

ಈ ಪದರಗಳನ್ನು ಗಮನಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಅದೇ ಪ್ರಕರಣದಲ್ಲಿ ಪಾಠವಿದೆ. 2021ರ ಜನವರಿಯಲ್ಲಿ 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ಜಪ್ತಿಯಾಗಿದೆ ಎಂದು ಪೊಲೀಸರು ಪ್ರಕಟಿಸಿದ್ದರು. ಆರೋಪಿ ತನ್ನದೆಂದು ತೋರಿಸಿದ ವಾಲೆಟ್ ಎಕ್ಸ್‌ಚೇಂಜ್ ಒಂದರ ಚಾಲ್ತಿ ವಾಲೆಟ್ ಆಗಿತ್ತು, ಅದರ ಖಾಸಗಿ ಕೀಲಿ ಅವನಲ್ಲಿರಲಿಲ್ಲ ಎಂದು ಅದೇ ವರ್ಷ ನವೆಂಬರ್‌ನಲ್ಲಿ ಅವರೇ ಹೇಳಿಕೆ ಕೊಟ್ಟರು. ಯಾರ ವಿಳಾಸವನ್ನಾದರೂ ‘ನೋಡಲು ಮಾತ್ರ’ ಎಂದು ವಾಲೆಟ್ ಆ್ಯಪ್‌ಗೆ ಸೇರಿಸಿಕೊಳ್ಳಬಹುದು. ಬಾಕಿ ಥಳಥಳನೆ ಕಾಣುತ್ತದೆ. ಬಾಕಿ ಕಾಣುವುದು ಒಡೆತನಕ್ಕೆ ಪುರಾವೆಯಲ್ಲ. ಪುರಾವೆ ಎರಡೇ: ನೀವು ಆ ಕ್ಷಣ ಹೇಳಿದ ವಾಕ್ಯಕ್ಕೆ ಆ ಕೀಲಿಯಿಂದ ಸಹಿ ಮಾಡಿ ತೋರಿಸುವುದು, ಇಲ್ಲವೇ ನೀವು ಹೇಳಿದ ಮೊತ್ತವನ್ನು, ಉದಾಹರಣೆಗೆ 0.00012347 ನಾಣ್ಯವನ್ನು, ನೀವು ಹೇಳಿದ ವಿಳಾಸಕ್ಕೆ ಕಳಿಸಿ ತೋರಿಸುವುದು. ಎರಡಕ್ಕೂ ಹತ್ತು ನಿಮಿಷ ಸಾಕು. ಹಳೆಯ ಸ್ಕ್ರೀನ್‌ಶಾಟ್, ಹಳೆಯ ಸಹಿ ಒಪ್ಪಬಾರದು.

ಎಕ್ಸ್‌ಚೇಂಜ್‌ನ ಎಲ್ಲ ವಾಲೆಟ್‌ಗಳೂ ಲೇಬಲ್ ಪಟ್ಟಿಯಲ್ಲಿ ಇರುವುದಿಲ್ಲ ಎಂಬುದನ್ನೂ ನೆನಪಿಡಿ. 2025ರ ಜುಲೈ 19ರಂದು ಭಾರತದ ಎಕ್ಸ್‌ಚೇಂಜ್ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಯಿತು. ಕಂಪನಿ ಬಾಯಿ ಬಿಡುವ ಮೊದಲೇ ಅದನ್ನು ಹೊರಗೆ ಹೇಳಿದ್ದು ಜ್ಯಾಕ್‌ಎಕ್ಸ್‌ಬಿಟಿ ಎಂಬ ಗುಪ್ತನಾಮದ ಸ್ವತಂತ್ರ ತನಿಖಾಕಾರ. ಆ ಹೊತ್ತಿಗೆ ಕಳವಾಗಿ ಸುಮಾರು 17 ಗಂಟೆ ಆಗಿತ್ತು. ಕಳುವಾದದ್ದು ಬೇರೊಂದು ಎಕ್ಸ್‌ಚೇಂಜ್‌ಗೆ ಲಿಕ್ವಿಡಿಟಿ (ವಹಿವಾಟಿಗೆ ಸಿದ್ಧವಿರುವ ಹಣ) ಒದಗಿಸಲು ಇಟ್ಟಿದ್ದ ಒಳ ಖಾತೆಯಿಂದ. ಆ ವಿಳಾಸಕ್ಕೆ ಸಾರ್ವಜನಿಕ ಲೇಬಲ್ ಇರಲಿಲ್ಲ, ಕಂಪನಿಯ ಮೀಸಲು ಪಟ್ಟಿಯಲ್ಲೂ ಇರಲಿಲ್ಲ. ಮೊತ್ತ ಮಾತ್ರ ನೋಡುವ ಬಾಟ್‌ಗಳಿಗೆ (ತಾವಾಗಿ ಓಡುವ ಪ್ರೋಗ್ರಾಂಗಳಿಗೆ) ಅದು ಅಜ್ಞಾತದಿಂದ ಅಜ್ಞಾತಕ್ಕೆ ಹೋದ ಇನ್ನೊಂದು ಸಾಗಣೆ. ದಾಳಿಕೋರನ ವಿಳಾಸಕ್ಕೆ ಮೊದಲು ಬಂದದ್ದು ಟಾರ್ನೇಡೋ ಕ್ಯಾಶ್ ಎಂಬ ಮಿಕ್ಸರ್‌ನಿಂದ (ಹಲವರ ಹಣ ಬೆರೆಸಿ ಜಾಡು ಮರೆಸುವ ಸೇವೆ) 1 ಈಥರ್. ಗ್ಯಾಸ್‌ಗೆ ಮಿಕ್ಸರ್‌ನಿಂದ ದುಡ್ಡು ತರಿಸಿಕೊಂಡ ಹೊಸ ವಿಳಾಸಕ್ಕೆ ಕೋಟಿಗಟ್ಟಲೆ ಹಣ ಬಂದರೆ, ಮೊತ್ತಕ್ಕಿಂತ ಆ 1 ಈಥರ್ ದೊಡ್ಡ ಸುಳಿವು.

ಇಥೀರಿಯಂ ಕಡೆ ತಪ್ಪುವ ನಾಲ್ಕು ಜಾಗ

ಮೊದಲನೆಯದು ದಶಮಾಂಶ. ಚೈನ್ ಮೊತ್ತವನ್ನು ಪೂರ್ಣಾಂಕವಾಗಿ ಬರೆಯುತ್ತದೆ, ದಶಮಾಂಶದ ಬಿಂದು ಎಲ್ಲೆಂದು ತಿಳಿದು ನಾವೇ ಇಡಬೇಕು. ಈಥರ್‌ಗೆ 18 ಸ್ಥಾನ, ಡಾಯ್ ಎಂಬ ಟೋಕನ್‌ಗೂ 18. ಆದರೆ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ, ಯುಎಸ್‌ಡಿಸಿಗಳಿಗೆ ಇಥೀರಿಯಂನಲ್ಲಿ 6, ಬಿಟ್‌ಕಾಯಿನ್ ಬೆಲೆಗೆ ಕಟ್ಟಿದ ಡಬ್ಲ್ಯೂಬಿಟಿಸಿಗೆ 8. ಎಲ್ಲವನ್ನೂ 18ರಿಂದ ಇಳಿಸಿದರೆ 5 ಕೋಟಿ ಯುಎಸ್‌ಡಿಟಿ ಸಾಗಣೆ ನಿಮ್ಮ ಪರದೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಕಾಂಟ್ರಾಕ್ಟ್‌ನ (ಟೋಕನ್ ನಡೆಸುವ, ಚೈನ್ ಮೇಲಿನ ಪ್ರೋಗ್ರಾಂ) ‘ಡೆಸಿಮಲ್ಸ್’ ಕರೆಯನ್ನು ಒಮ್ಮೆ ಓದಿ ಕೋಷ್ಟಕದಲ್ಲಿಟ್ಟುಕೊಳ್ಳಿ.

ಎರಡನೆಯದು ನಕಲಿ ಟೋಕನ್. ‘ಯುಎಸ್‌ಡಿಟಿ’ ಎಂಬ ಹೆಸರನ್ನು ಯಾರು ಬೇಕಾದರೂ ತಮ್ಮ ಕಾಂಟ್ರಾಕ್ಟ್‌ಗೆ ಇಡಬಹುದು. ಹೆಸರಿನಿಂದ ಶೋಧಿಸಬೇಡಿ, ಕಾಂಟ್ರಾಕ್ಟ್ ವಿಳಾಸದಿಂದ ಶೋಧಿಸಿ.

ಮೂರನೆಯದು ವಿಷ ಹಾಕಿದ ವಿಳಾಸ. ನೀವು ಹಿಂದೆ ಹಣ ಕಳಿಸಿದ ವಿಳಾಸದ ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳಿಗೆ ಹೊಂದುವ ವಿಳಾಸವನ್ನು ಮೋಸಗಾರ ತಯಾರಿಸಿ, ಸೊನ್ನೆ ಮೊತ್ತದ ಅಥವಾ ಪುಡಿ ಮೊತ್ತದ ವಹಿವಾಟು ನಡೆಸಿ ನಿಮ್ಮ ಇತಿಹಾಸದೊಳಗೆ ನುಸುಳುತ್ತಾನೆ. ಮುಂದಿನ ಸಲ ನೀವು ಇತಿಹಾಸದಿಂದ ನಕಲು ಮಾಡಿ ಅಂಟಿಸುತ್ತೀರಿ. 2024ರ ಮೇ 3ರಂದು ಒಬ್ಬರು ಹೀಗೆ 1,155 ಡಬ್ಲ್ಯೂಬಿಟಿಸಿಯನ್ನು, ಸುಮಾರು 6.8 ಕೋಟಿ ಡಾಲರನ್ನು, ಒಂದೇ ಏಟಿಗೆ ಕಳಿಸಿಬಿಟ್ಟರು. ಮಾತುಕತೆಯ ನಂತರ ಬಹುಪಾಲು ವಾಪಸ್ ಬಂತು. ಜಾಡು ಹಿಡಿಯುವವರಿಗೂ ಇದೇ ಗುಂಡಿ: ಎಕ್ಸ್‌ಪ್ಲೋರರ್ (ಚೈನ್ ನೋಡುವ ಜಾಲತಾಣ) ಚುಟುಕಾಗಿ ತೋರಿಸುವ ಮುಂದಿನ ನಾಲ್ಕು ಹಿಂದಿನ ನಾಲ್ಕು ಅಕ್ಷರ ನೋಡಿ ‘ಅದೇ ವಿಳಾಸ’ ಎನ್ನುತ್ತಾರೆ. ಶುರುವಿನ ಸೊನ್ನೆಯನ್ನೂ ಎಕ್ಸ್ ಅಕ್ಷರವನ್ನೂ ಬಿಟ್ಟು ನಲವತ್ತು ಅಕ್ಷರ ಇವೆ, ನಲವತ್ತನ್ನೂ ಹೋಲಿಸಿ. ಕಣ್ಣಿನಿಂದ ಬೇಡ, ಶೀಟಿನ ಸೂತ್ರದಿಂದ.

ನಾಲ್ಕನೆಯದು ಒಳ ವಹಿವಾಟು. ಟೋಕನ್ ಸಾಗಣೆ ‘ಟ್ರಾನ್ಸ್‌ಫರ್’ ಇವೆಂಟ್ ಆಗಿ ಲಾಗ್‌ನಲ್ಲಿ (ಕಾಂಟ್ರಾಕ್ಟ್ ಬರೆದಿಡುವ ಘಟನೆಗಳ ಪಟ್ಟಿ) ಬೀಳುತ್ತದೆ. ಆದರೆ ಕಾಂಟ್ರಾಕ್ಟ್ ಮೂಲಕ ಹೋದ ಈಥರ್‌ಗೆ ಅಂಥ ಇವೆಂಟ್ ಕಡ್ಡಾಯವಲ್ಲ. ಹಲವು ಸಹಿ ಬೇಕಾದ ಮಲ್ಟಿಸಿಗ್ ವಾಲೆಟ್‌ನಿಂದ ಹೊರಟ ಸಾವಿರಾರು ಈಥರ್ ಲಾಗ್ ಮಾತ್ರ ಓದುವ ಬಾಟ್‌ಗೆ ಕಾಣದೇ ಹೋಗಬಹುದು. ಅದಕ್ಕೆ ಟ್ರೇಸ್ (ವಹಿವಾಟಿನ ಒಳಗಿನ ಹೆಜ್ಜೆಗಳ ದಾಖಲೆ) ಕೊಡುವ ನೋಡ್ (ಚೈನ್‌ನ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್) ಅಥವಾ ಸೇವೆ ಬೇಕು; ಬೇರೆಯವರ ನೋಡ್ ಬಳಸಲು ಕೊಡುವ ಉಚಿತ ಆರ್‌ಪಿಸಿಗಳಲ್ಲಿ ಇದು ಬಹುಮಟ್ಟಿಗೆ ಸಿಗುವುದಿಲ್ಲ.

ಮಿತಿ ಎಲ್ಲಿಡಬೇಕು

ಎಲ್ಲದಕ್ಕೂ ‘10 ಲಕ್ಷ ಡಾಲರ್ ಮೇಲ್ಪಟ್ಟು’ ಎಂಬ ಒಂದೇ ಮಿತಿ ಇಟ್ಟರೆ ಬಿಟ್‌ಕಾಯಿನ್‌ನಲ್ಲಿ ಎಚ್ಚರಿಕೆಗಳ ಪ್ರವಾಹ, ಸಣ್ಣ ಟೋಕನ್‌ಗಳಲ್ಲಿ ನಿಶ್ಶಬ್ದ. ನಾವು ಶುರುವಿಗೆ ಹೇಳುವ ಮಿತಿ: 500 ಬಿಟ್‌ಕಾಯಿನ್, 10,000 ಈಥರ್, 5 ಕೋಟಿ ಯುಎಸ್‌ಡಿಟಿ, ಸಣ್ಣ ಟೋಕನ್‌ಗೆ ಒಟ್ಟು ಚಲಾವಣೆಯ ಶೇ. 0.5. ದಿನಕ್ಕೆ ಮನುಷ್ಯ ಕೂತು ನೋಡಬಲ್ಲ ಎಚ್ಚರಿಕೆ ಮೂವತ್ತು ನಲವತ್ತು. ಅಲ್ಲಿಗೆ ಬರುವ ತನಕ ಏರಿಸುತ್ತಾ ಇಳಿಸುತ್ತಾ ಹೋಗಿ.

ಬಿಡಿ ವಹಿವಾಟಿನ ಮಿತಿಯಿಂದ ತಪ್ಪಿಸಿಕೊಳ್ಳುವುದು ಕಳ್ಳರಿಗೆ ಗೊತ್ತು. 2025ರ ಫೆಬ್ರವರಿ 21ರಂದು ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 4,01,000 ಈಥರ್ ಕಳುವಾದಾಗ ಕೆಲವೇ ಗಂಟೆಗಳಲ್ಲಿ ಅದನ್ನು ಸುಮಾರು 10,000 ಈಥರ್‌ನ ತುಂಡುಗಳಾಗಿ ಹತ್ತಾರು ವಿಳಾಸಗಳಿಗೆ ಹಂಚಿದರು. ಆಮೇಲೆ ಇನ್ನೂ ಪುಡಿ ಮಾಡಿ, ಒಂದು ಚೈನ್‌ನಿಂದ ಇನ್ನೊಂದಕ್ಕೆ ಒಯ್ಯುವ ಥಾರ್‌ಚೈನ್‌ನಂಥ ಸೇತುವೆಗಳಿಂದ ಬಿಟ್‌ಕಾಯಿನ್‌ಗೆ ದಾಟಿಸಿದರು. ಇದು ಉತ್ತರ ಕೊರಿಯಾದ ಕೆಲಸ ಎಂದು ಎಫ್‌ಬಿಐ ಐದು ದಿನದಲ್ಲಿ ಹೇಳಿ, ವಿಳಾಸಗಳ ಪಟ್ಟಿಯನ್ನೂ ಪ್ರಕಟಿಸಿತು. ಇಂಥದ್ದನ್ನು ಹಿಡಿಯಲು ಎರಡನೇ ಮಿತಿ ಬೇಕು: ಒಂದೇ ಮೂಲದಿಂದ ಆರು ಗಂಟೆಯೊಳಗೆ ಹೊರಟದ್ದರ ಒಟ್ಟು ಮೊತ್ತ.

ಯಂತ್ರದ ವಿಚಾರ ಚಿಕ್ಕದಾಗಿ. ಬಿಟ್‌ಕಾಯಿನ್ ಕೋರ್ ತಂತ್ರಾಂಶದ ಸ್ವಂತ ನೋಡ್‌ಗೆ 2 ಟಿಬಿ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಚೈನ್ 600 ಜಿಬಿ ದಾಟಿದೆ, ಇಂಡೆಕ್ಸ್ ಸೇರಿದರೆ 1 ಟಿಬಿ ಇಕ್ಕಟ್ಟು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮೊದಲ ಸಿಂಕ್ (ಇಡೀ ಚೈನ್ ಇಳಿಸಿ ಪರೀಕ್ಷಿಸುವುದು) ವಾರಗಟ್ಟಲೆ ಎಳೆಯುತ್ತದೆ. ಮೊದಲ ಸಿಂಕ್‌ಗೆ ‘ಡಿಬಿಕ್ಯಾಶ್’ ಎಂಬ ಮೆಮೊರಿ ಮಿತಿಯನ್ನು 4,000ಕ್ಕೆ ಏರಿಸಿ. ‘ಪ್ರೂನ್’ ಆನ್ ಮಾಡಿದರೆ ಹಳೆಯ ಬ್ಲಾಕ್‌ಗಳು ಅಳಿಸಿಹೋಗಿ ಹಿಂದಕ್ಕೆ ಜಾಡು ಹಿಡಿಯಲಾಗದು. ‘ಗೆಟ್‌ಬ್ಲಾಕ್’ ಕರೆಗೆ ವಿವರದ ಮಟ್ಟ 2 ಕೊಟ್ಟರೆ ಇನ್‌ಪುಟ್‌ನ ಮೊತ್ತವೂ ವಿಳಾಸವೂ ಬರುವುದಿಲ್ಲ, 3 ಕೊಡಿ.

ಬ್ಲಾಕ್ ಸೇರುವ ಮೊದಲೇ, ಮೆಂಪೂಲ್‌ನಲ್ಲಿ (ಕಾಯುತ್ತಿರುವ ವಹಿವಾಟುಗಳ ಸಾಲು) ಕಂಡದ್ದನ್ನು ಪ್ರಕಟಿಸುವ ಆತುರ ಬೇಡ. ಹೆಚ್ಚು ಶುಲ್ಕದ ಬದಲಿ ವಹಿವಾಟು ಬಂದರೆ ನೀವು ಹೇಳಿದ್ದು ನಡೆದೇ ಇಲ್ಲ ಎಂದಾಗುತ್ತದೆ. ಬಿಟ್‌ಕಾಯಿನ್‌ಗೆ ಕನಿಷ್ಠ 2 ದೃಢೀಕರಣ (ವಹಿವಾಟಿನ ಬ್ಲಾಕನ್ನೂ ಸೇರಿಸಿ ಅದರ ಮೇಲೆ ಕೂತ ಬ್ಲಾಕ್‌ಗಳ ಎಣಿಕೆ), ಆರೋಪದಂಥ ಗಂಭೀರ ಮಾತಿಗೆ 6. ಇಥೀರಿಯಂಗೆ ಅಂತಿಮಗೊಳ್ಳುವ ತನಕ, ಎಂದರೆ ಸುಮಾರು 13 ನಿಮಿಷ.

ಲೇಬಲ್ ಪುಸ್ತಕ

ಗುಂಪಿನ ಲೇಬಲ್‌ಗಳನ್ನು ಬರೆದಿಡಲು ಹಂಚಿಕೊಂಡ ಒಂದು ಶೀಟ್ ಅಥವಾ ಬದಲಾವಣೆಗಳ ದಾಖಲೆ ಇಡುವ ಗಿಟ್ ಭಂಡಾರ ಸಾಕು. ಪ್ರತಿ ಸಾಲಿಗೆ: ವಿಳಾಸ, ಚೈನ್, ಯಾರದು, ವಾಲೆಟ್‌ನ ಬಗೆ, ಪುರಾವೆ ಏನು, ಆ ಪುರಾವೆಯ ವಹಿವಾಟು ಸಂಖ್ಯೆ, ದಾಖಲಿಸಿದ ದಿನ, ದಾಖಲಿಸಿದವರು, ಪರಿಶೀಲಿಸಿದ ಎರಡನೆಯವರು, ದರ್ಜೆ.

ದರ್ಜೆಯೇ ಜೀವಾಳ. ಮಾಲೀಕರೇ ಪ್ರಕಟಿಸಿದ್ದು, ನ್ಯಾಯಾಲಯದ ದಾಖಲೆಯಲ್ಲಿರುವುದು, ಕೀಲಿಯಿಂದ ಸಹಿ ಮಾಡಿದ್ದು: ಮೊದಲ ದರ್ಜೆ. ಎಕ್ಸ್‌ಚೇಂಜ್‌ಗೆ ನಮ್ಮದೇ ಸಣ್ಣ ಮೊತ್ತ ಹಾಕಿ, ತೆಗೆದು ಕಂಡುಕೊಂಡದ್ದು ಎರಡನೆಯದು. ಇನ್‌ಪುಟ್ ಗುಂಪು, ಚಿಲ್ಲರೆ ಊಹೆಯಿಂದ ಬಂದದ್ದು ಮೂರನೆಯದು. ‘ಎಲ್ಲರೂ ಹೇಳುತ್ತಾರೆ’ ಎಂಬುದು ನಾಲ್ಕನೆಯದು. ಅದು ಶೀಟಿನಲ್ಲಿರಲಿ, ಹೊರಗೆ ಬರಬಾರದು. ಮೂರನೆಯ ದರ್ಜೆಯ ಲೇಬಲ್ ಮೇಲೆ ಕಟ್ಟಿದ ಹೊಸ ಲೇಬಲ್ ನಾಲ್ಕನೆಯದಾಗುತ್ತದೆ, ಮೂರನೆಯದೇ ಆಗಿ ಉಳಿಯುವುದಿಲ್ಲ. ಈ ಒಂದು ನಿಯಮ ಇಲ್ಲದ ಗುಂಪುಗಳಲ್ಲಿ ಆರು ತಿಂಗಳಿಗೆ ಪುಸ್ತಕ ಪೂರ್ತಿ ಹಾಳಾಗುತ್ತದೆ, ಏಕೆಂದರೆ ಒಬ್ಬರ ಊಹೆ ಇನ್ನೊಬ್ಬರ ಪುರಾವೆಯಾಗಿಬಿಡುತ್ತದೆ. ಎಕ್ಸ್‌ಚೇಂಜ್‌ಗಳು ಹಾಟ್ ವಾಲೆಟ್ ಬದಲಿಸುತ್ತಲೇ ಇರುತ್ತವೆ, ಹಾಗಾಗಿ ಎರಡನೆಯ ದರ್ಜೆಯ ಸಾಲುಗಳನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿ. ಖಾಸಗಿ ವ್ಯಕ್ತಿಯ ಹೆಸರು, ಫೋನು, ಮನೆ ವಿಳಾಸ ಯಾವ ದರ್ಜೆಯಲ್ಲೂ ಬೇಡ. ಅದಿದ್ದರೆ ಪೊಲೀಸರಿಗೆ ಕೊಡಿ.

ಒಳ್ಳೆಯ ಎಚ್ಚರಿಕೆಯಿಂದ ಒಳ್ಳೆಯದೂ ಆಗಿದೆ. ಕ್ರಿಪ್ಟೋ.ಕಾಮ್ ಎಂಬ ಎಕ್ಸ್‌ಚೇಂಜ್ 2022ರ ಅಕ್ಟೋಬರ್‌ನಲ್ಲಿ 3,20,000 ಈಥರ್ ಅನ್ನು ಗೇಟ್.ಐಒ ಎಕ್ಸ್‌ಚೇಂಜ್‌ಗೆ ಕಳಿಸಿದ್ದನ್ನು ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಕುಸಿದ ವಾರ ಜನಸಾಮಾನ್ಯರೇ ಎತ್ತಿ ತೋರಿಸಿದರು. ತಮ್ಮದೇ ಕೋಲ್ಡ್ ವಾಲೆಟ್‌ಗೆ ಹೋಗಬೇಕಿದ್ದದ್ದು ತಪ್ಪಿ ಹೋಯಿತು, ವಾಪಸ್ ಪಡೆದಿದ್ದೇವೆ ಎಂದು ಕಂಪನಿಯ ಮುಖ್ಯಸ್ಥರು ವಿವರಣೆ ಕೊಡಬೇಕಾಯಿತು. ಎರಡೂ ಕಡೆಯ ವಿಳಾಸಗಳಿಗೆ ಗಟ್ಟಿ ಲೇಬಲ್ ಇದ್ದದ್ದರಿಂದ ಆ ಪ್ರಶ್ನೆಗೆ ತೂಕ ಬಂತು.

ಪ್ರಶ್ನೋತ್ತರದಲ್ಲಿ ಕೇಳಿದ್ದು

‘ಟೆಲಿಗ್ರಾಮ್‌ನಲ್ಲಿ ಹೂಡಿಕೆ ಅಂತ ನಂಬಿಸಿ ನಮ್ಮಿಂದ ಯುಎಸ್‌ಡಿಟಿ ಹಾಕಿಸಿಕೊಂಡರು, ಏನು ಮಾಡಬೇಕು?’ ಉತ್ತರ: ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ, ಜಾಡು ಹಿಡಿಯುವ ಗುಂಪಿಗೆ ಆಮೇಲೆ ಬನ್ನಿ. ಬಿಟ್‌ಕಾಯಿನ್, ಈಥರ್ ಅನ್ನು ಯಾರೂ ಚೈನ್ ಮೇಲೆ ತಡೆಹಿಡಿಯಲಾರರು. ಆದರೆ ಯುಎಸ್‌ಡಿಟಿಯನ್ನು ಟೆದರ್ ಕಂಪನಿ, ಯುಎಸ್‌ಡಿಸಿಯನ್ನು ಸರ್ಕಲ್ ಕಂಪನಿ ಅದಿರುವ ವಿಳಾಸದಲ್ಲೇ ಸ್ತಂಭನಗೊಳಿಸಬಲ್ಲವು. ಅದಕ್ಕೆ ಅವು ಸಾಮಾನ್ಯವಾಗಿ ಕೇಳುವುದು ಪೊಲೀಸರಂಥ ಕಾನೂನು ಜಾರಿ ಸಂಸ್ಥೆಯ ಕೋರಿಕೆ, ನಿಮ್ಮ ಇಮೇಲ್ ಅಲ್ಲ.

ದೂರಿನಲ್ಲಿ ಚೈನ್ ಯಾವುದೆಂದು ಬರೆಯಿರಿ. ವಿಳಾಸ ‘ಟಿ’ ಅಕ್ಷರದಿಂದ ಶುರುವಾದರೆ ಅದು ಟ್ರಾನ್ ಎಂಬ ಬೇರೆ ಚೈನ್. ಇಥೀರಿಯಂ ಎಂದು ಬರೆದರೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ವಹಿವಾಟು ಸಂಖ್ಯೆಯ 64 ಅಕ್ಷರಗಳನ್ನೂ ಟೈಪ್ ಮಾಡದೆ ನಕಲು ಮಾಡಿ ಅಂಟಿಸಿ. ಸ್ಕ್ರೀನ್‌ಶಾಟ್ ಜೊತೆಗಿರಲಿ, ಅದೊಂದೇ ಬೇಡ. ಸಮಯದ ಪಕ್ಕದಲ್ಲಿ ಅದು ಯುಟಿಸಿಯೋ (ಜಾಗತಿಕ ಪ್ರಮಾಣ ಸಮಯ) ಭಾರತೀಯ ಕಾಲಮಾನವೋ ಎಂದು ನಮೂದಿಸಿ. ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ತಾರೀಖೇ ಬದಲಾಗಿ, ಬ್ಯಾಂಕ್ ಸ್ಟೇಟ್‌ಮೆಂಟ್‌ಗೂ ಚೈನ್‌ಗೂ ತಾಳೆಯಾಗದೆ ಹೋಗುತ್ತದೆ. ಬಿಟ್‌ಕಾಯಿನ್ ಆದರೆ ಬ್ಲಾಕ್‌ನ ಎತ್ತರವನ್ನೂ (ಅದು ಚೈನ್‌ನ ಎಷ್ಟನೆಯ ಬ್ಲಾಕ್ ಎಂಬ ಸಂಖ್ಯೆ) ಬರೆಯಿರಿ. ಬ್ಲಾಕ್ ಮೇಲಿನ ಸಮಯ ಅದನ್ನು ಕಟ್ಟಿದ ಮೈನರ್ ಹಾಕಿದ್ದು, ಎರಡು ಗಂಟೆಯವರೆಗೆ ಮುಂದಿದ್ದರೂ ನೆಟ್‌ವರ್ಕ್ ಒಪ್ಪಿಕೊಳ್ಳುತ್ತದೆ. ಎತ್ತರದ ಸಂಖ್ಯೆ ಮಾತ್ರ ಅಲುಗಾಡುವುದಿಲ್ಲ.

ಆಮೇಲೆ ನಿಮಗೆ ಇನ್ನೊಂದು ಮೆಸೇಜ್ ಬರುತ್ತದೆ: ‘ನಿಮ್ಮ ನಾಣ್ಯ ಎಲ್ಲಿದೆ ಎಂದು ಪತ್ತೆ ಮಾಡಿದ್ದೇವೆ, ಬಿಡಿಸಲು ಶುಲ್ಕ ಕಟ್ಟಿ.’ ಎಲ್ಲಿದೆ ಎಂಬುದು ಉಚಿತ ಎಕ್ಸ್‌ಪ್ಲೋರರ್‌ನಲ್ಲಿ ಯಾರಿಗಾದರೂ ಕಾಣುತ್ತದೆ. ಬಿಡಿಸುವ ಕೀಲಿ ಅವರಲ್ಲಿಲ್ಲ. ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.